ಖಾಲಿ ಬಕೆಟ್ಟಿನ ರೆಕಾರ್ಡು

ಮಾರ್ಚ್ 4

ಮಾನ್ಯರೇ,

ಇಪ್ಪತ್ತೊಂಬತ್ತು ವರ್ಷಗಳಿಂದ ನಿಮಗೆ ನಾನು ಕಾಗದ ಬರೆದಿಲ್ಲ. ಈಗಲೂ ಆಸೆಪಟ್ಟು ಬರೆಯುತ್ತಿಲ್ಲ, ರೆಕಾರ್ಡ್ ಕಂಪನಿಯ ಕರಾರು ಪತ್ರದ ಒಂಬತ್ತನೆಯ ಕಲಮು ಬರೆಸುತ್ತಿದೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನನ್ನ ಹಲ್ಲಿನ ವಿಷಯ.

ಕಳೆದ ವಾರ ದವಡೆ ಹಲ್ಲು ಕೀಳಿಸಿಕೊಳ್ಳಲು ಹೊಸ ಡಾಕ್ಟರ ಹತ್ತಿರ ಹೋಗಿದ್ದೆ. ಕುರ್ಚಿಯಲ್ಲಿ ಒರಗಿ ಬಾಯಿ ತೆರೆದರೆ ಎದುರಿನ ಗೋಡೆಯ ಮೇಲೆ ನನ್ನ ರೆಕಾರ್ಡು! ಚೌಕಟ್ಟು, ಗಾಜು, ಮೇಲೊಂದು ಪುಟ್ಟ ದೀಪ. ನೀವು ಬರೆದ ಅದೇ ಕವರ್: ನೀಲಿ ಗೋಡೆ, ನಲ್ಲಿ, ನಲ್ಲಿಯ ಕೆಳಗೆ ಖಾಲಿ ಕೆಂಪು ಬಕೆಟ್ಟು. ಕವರಿನ ಬಾಯಿಗೆ ನೀವು ಅಂಟಿಸಿದ್ದ ಕಾಗದದ ಪಟ್ಟಿ ಹರಿಯದೆ ಹಾಗೇ ಇತ್ತು. ಚಿತ್ರದ ನಲ್ಲಿ ಅರ್ಧ ಆ ಪಟ್ಟಿಯ ಮೇಲೇ ಇದೆಯಲ್ಲ, ಪಟ್ಟಿ ಹರಿದರೆ ಚಿತ್ರವೂ ಹರಿದು ಹಾಳಾಗುತ್ತದೆ, ಹಾಗಾಗಿ ಯಾರೂ ಹರಿಯುವುದಿಲ್ಲ, ರೆಕಾರ್ಡು ಹೊರಗೆ ಬರುವುದಿಲ್ಲ. ಬಾಯಲ್ಲಿ ಎರಡು ಉಪಕರಣ ಇಟ್ಟುಕೊಂಡೇ ಕೈಮಾಡಿ ತೋರಿಸಿದೆ. ಡಾಕ್ಟರ ಮುಖ ಅರಳಿತು. "ಚೆನ್ನಾಗಿದೆ ಅಲ್ವಾ? ಅದನ್ನ ನೋಡ್ತಿದ್ರೆ ಪೇಷೆಂಟುಗಳಿಗೆ ಭಯ ಕಮ್ಮಿಯಾಗುತ್ತೆ" ಅಂದರು. ಹಲ್ಲು ಹೊರಬಿದ್ದ ಮೇಲೆ, ಹತ್ತಿ ಕಚ್ಚಿಕೊಂಡು, ಅದು ನನ್ನ ಕೊಳಲಿನ ರೆಕಾರ್ಡು ಎಂದು ತಿಳಿಸಿದೆ. "ಓ! ಅದರೊಳಗೆ ರೆಕಾರ್ಡ್ ಬೇರೆ ಇದೆಯಾ?" ಅಂದರು.

ಬ್ಯಾಂಕೊಂದರಲ್ಲಿ ಇದನ್ನು ನೋಡಿದ್ದೇನೆ. ಎರಡು ಹೋಟೆಲುಗಳಲ್ಲಿ ನೋಡಿದ್ದೇನೆ. ವಕೀಲರೊಬ್ಬರ ಮನೆಯ ಮೆಟ್ಟಿಲಿನ ಪಕ್ಕದ ಗೋಡೆಯಲ್ಲಿ ನೋಡಿದ್ದೇನೆ. ಎಲ್ಲೂ ಪಟ್ಟಿ ಹರಿದಿಲ್ಲ. ನಾನು ಜೀವಮಾನದಲ್ಲಿ ಮಾಡಿದ್ದು ಒಂದೇ ರೆಕಾರ್ಡು, ಅದನ್ನು ಜನ ನೋಡಿದ್ದಾರೆ. ದಾರಿಯಲ್ಲಿ ಸಿಕ್ಕವರು ನನ್ನನ್ನು "ಬಕೆಟ್ಟಿನವರಲ್ವಾ?" ಎಂದು ಮಾತನಾಡಿಸುತ್ತಾರೆ.

ಈಗ ಕಂಪನಿಯವರು ಮೂವತ್ತು ವರ್ಷವಾಗುತ್ತ ಬಂತೆಂದು ಮತ್ತೆ ಐನೂರು ಪ್ರತಿ ಹೊರತರುತ್ತಿದ್ದಾರೆ. ಕಪ್ಪು ತಟ್ಟೆಗಳಿಗೆ ಮತ್ತೆ ಕಾಲ ಬಂದಿದೆಯಂತೆ. ಕವರ್ ಬದಲಾಯಿಸಬೇಕಾದರೆ ಮೊದಲಿನ ಕಲಾವಿದನೇ ಹೊಸದನ್ನು ಬರೆದು ರುಜು ಹಾಕಬೇಕು ಎನ್ನುತ್ತದೆ ಆ ಒಂಬತ್ತನೆಯ ಕಲಮು.

ಆದ್ದರಿಂದ ನನ್ನ ವಿನಂತಿ: ದಯವಿಟ್ಟು ಒಂದು ಕೆಟ್ಟ ಕವರ್ ಮಾಡಿಕೊಡಿ. ನಿಮ್ಮ ಕೈಲಾದಷ್ಟು ಕೆಟ್ಟದಾಗಿರಲಿ. ಅದನ್ನು ಗೋಡೆಗೆ ಹಾಕಲು ಯಾರಿಗೂ ಮನಸ್ಸು ಬರಬಾರದು. ಕೊಂಡವರು ಬೇಗ ರೆಕಾರ್ಡನ್ನು ಹೊರಗೆ ತೆಗೆದು ಕವರನ್ನು ಮಂಚದ ಕೆಳಕ್ಕೆ ತಳ್ಳಬೇಕು. ನನಗೆ ಅರವತ್ಮೂರು ತುಂಬಿತು. ಮೊದಲಿನಿಂದ ಕೊನೆಯವರೆಗೆ ಒಬ್ಬರೇ ಒಬ್ಬರು ಇದನ್ನು ಕೇಳಿದ್ದಾರೆ ಎಂದು ಗೊತ್ತಾದರೂ ನನಗೆ ಸಾಕು. ಜೂನ್ ಹತ್ತಕ್ಕೆ ಅಚ್ಚಿಗೆ ಹೋಗುತ್ತದೆ.

ಇಂತಿ,
ಒಳಗಿನ ರೆಕಾರ್ಡಿನವನು

&nbsp;

ಮಾರ್ಚ್ 15

ಒಳಗಿನ ರೆಕಾರ್ಡಿನವನಿಗೆ,

ನೀನು ಬೇಕಾದರೆ ನನಗೆ ಬಹುವಚನ ಹಚ್ಚು, ನನ್ನ ಕೈಲಿ ಆಗುವುದಿಲ್ಲ. ಹಾಸ್ಟೆಲಿನಲ್ಲಿ ನಾಲ್ಕು ವರ್ಷ ನನ್ನ ಟೂತ್‌ಪೇಸ್ಟ್ ಕದ್ದವನಿಗೆ "ನೀವು" ಎನ್ನಲು ನಾಲಗೆ ಹೊರಳುವುದಿಲ್ಲ. ಹಲ್ಲು ಹೋಯಿತೆಂದು ಓದಿ ನಿಜವಾಗಿ ಬೇಸರವಾಯಿತು, ಅದರಲ್ಲಿ ನನ್ನ ಪೇಸ್ಟಿನ ಪಾಲೂ ಇತ್ತು.

ಅಂತೂ ಇಷ್ಟು ವರ್ಷದ ಮೇಲೆ ನಿನಗೆ ನನ್ನಿಂದ ಬೇಕಾಗಿರುವುದು ನನ್ನ ಕೆಟ್ಟ ಕೆಲಸ. ಆಗಲಿ. ನಲವತ್ತು ವರ್ಷದ ಕಸುಬಿನಲ್ಲಿ ಕೆಟ್ಟದ್ದು ಮಾಡಿಕೊಡಿ ಎಂದು ಯಾರೂ ಕೇಳಿರಲಿಲ್ಲ. ಕೇಳದೆಯೇ ಬೇಕಾದಷ್ಟು ಮಾಡಿದ್ದೇನೆ, ಬಿಸ್ಕತ್ತಿನ ಪೊಟ್ಟಣ, ಕೆಮ್ಮಿನ ಔಷಧಿಯ ಡಬ್ಬಿ, ಮಂತ್ರಿಯೊಬ್ಬರ ಆತ್ಮಕಥೆ. ಆದರೆ ಬೇಕೆಂದೇ ಮಾಡುವುದು ಬೇರೆ ವಿದ್ಯೆ. ಮೂರು ದಿನ ಕೂತೆ. ಕೈ ತಾನಾಗಿಯೇ ಹೋಗಿ ಗೆರೆ ನೆಟ್ಟಗೆ ಮಾಡಿಬಿಡುತ್ತದೆ, ಬಯ್ದು ಸೊಟ್ಟ ಮಾಡಬೇಕು. ನಾನು ಈಗಲೂ ಅಕ್ಕನ ಜೊತೆಯಲ್ಲೇ ಇದ್ದೇನೆ, ನಿನಗೆ ಗೊತ್ತಿರಬೇಕು. ಅವಳು ಮೇಜಿನ ಹತ್ತಿರ ಬಂದು ಬಗ್ಗಿ ನೋಡಿ, "ಏನೋ ಇದು? ಕೈಗೇನಾದ್ರೂ ಆಗಿದೆಯೇನೋ? ಡಾಕ್ಟರ ಹತ್ರ ಹೋಗೋಣ್ವಾ?" ಅಂದಳು. ಆಗ ಸರಿಯಾದ ದಾರಿಯಲ್ಲಿದ್ದೇನೆ ಎಂದು ಧೈರ್ಯ ಬಂತು.

ಇದರ ಜೊತೆ ಕಳಿಸಿದ್ದೇನೆ, ನೋಡು. ನಿನ್ನ ಮುಖವೇ ಕವರಿನ ತುಂಬ. ಕಣ್ಣು ಅರೆಮುಚ್ಚಿದೆ. ಹಿಂದೆ ಸೂರ್ಯ ಮುಳುಗುತ್ತಿದ್ದಾನೆ. ಕೊಳಲಿನ ತೂತುಗಳಿಂದ ಚಿಟ್ಟೆಗಳು ಹೊರಡುತ್ತಿವೆ, ಒಂದೊಂದಕ್ಕೂ ಒಂದೊಂದು ಬಣ್ಣ. ನಿನ್ನ ಹೆಸರು ಬಂಗಾರದ ಅಕ್ಷರದಲ್ಲಿದೆ, ಅದಕ್ಕೆ ನೆರಳೂ ಇದೆ, ಆ ನೆರಳು ಬಿದ್ದಿರುವುದು ಸೂರ್ಯನ ಕಡೆಗೇ. ಐದು ಬಗೆಯ ಅಕ್ಷರ ಬಳಸಿದ್ದೇನೆ. ಇದಕ್ಕಿಂತ ಕೆಳಗೆ ಇಳಿಯಲು ನನಗೆ ಬರುವುದಿಲ್ಲ.

ಅತ್ತಿಗೆಗೆ ನನ್ನ ನಮಸ್ಕಾರ.

ಇಂತಿ,
ಹೊರಗಿನ ಬಕೆಟ್ಟಿನವನು

&nbsp;

ಮಾರ್ಚ್ 29

ಹೊರಗಿನವನೇ,

ಟೂತ್‌ಪೇಸ್ಟಿನ ಮಾತು ಸುಳ್ಳು. ನಾಲ್ಕಲ್ಲ, ಮೂರು ವರ್ಷ. ಕೊನೆಯ ವರ್ಷ ನೀನೇ ಬೀಗ ಹಾಕಿಡುತ್ತಿದ್ದೆ.

ನಿನ್ನ ಕೆಟ್ಟ ಕವರ್ ಕೈಕೊಟ್ಟಿತು. ಲಕೋಟೆ ಒಡೆದದ್ದು ನನ್ನ ಹೆಂಡತಿ. ಕವರನ್ನು ಕೈಯಳತೆ ದೂರಕ್ಕೆ ಹಿಡಿದು ನೋಡಿದಳು. ಆಮೇಲೆ, "ನೋಡ್ರೀ, ಮದುವೆಯಾದ ಮೇಲೆ ಮೊದಲನೇ ಸಲ ನೀವು ಲಕ್ಷಣವಾಗಿ ಕಾಣಿಸ್ತಿದ್ದೀರಿ" ಅಂದಳು. ನಾನು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಗಡಿಯಾರ ತೆಗೆದು ಆ ಮೊಳೆಗೆ ಅದನ್ನು ನೇತುಹಾಕಿದ್ದಳು. ಈಗ ಗಂಟೆ ಎಷ್ಟೆಂದು ನೋಡಲು ತಲೆಯೆತ್ತಿದರೆ ನನ್ನದೇ ಅರೆಮುಚ್ಚಿದ ಕಣ್ಣು, ಚಿಟ್ಟೆ.

ಗೋಡೆಯಿಂದ ಬಿಡಿಸಿಕೊಂಡು ಕಂಪನಿಯ ಮ್ಯಾನೇಜರ ಹತ್ತಿರ ಒಯ್ದೆ. ನಮ್ಮ ಮಕ್ಕಳ ವಯಸ್ಸಿನವನು, ಎಲ್ಲದಕ್ಕೂ ತಲೆದೂಗುತ್ತಾನೆ. ಕುರ್ಚಿಯಿಂದ ಎದ್ದುಬಿಟ್ಟ. "ಸಾರ್, ಇದು ಬೇಕಂತಲೇ ಹೀಗೆ ಮಾಡಿರೋದು ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ. ಆ ನೆರಳು ನೋಡಿ ಸಾರ್! ಸೂರ್ಯನ ಕಡೆಗೇ ಬಿದ್ದಿದೆ! ಎಂಥಾ ಧೈರ್ಯ! ಇದನ್ನ ಜನ ಟೀ ಶರ್ಟ್ ಮೇಲೆ ಹಾಕ್ಕೊಂಡು ಓಡಾಡ್ತಾರೆ" ಅಂದ. ಚಿಟ್ಟೆಗಳನ್ನು ಬೆರಳಿಟ್ಟು ಎಣಿಸಿದ. ಒಂಬತ್ತು. "ಒಂಬತ್ತು ಪೀಸಿಗೆ ಒಂಬತ್ತು ಚಿಟ್ಟೆ ಅಲ್ವಾ ಸಾರ್?" ಅಂದ.

ನನ್ನ ರೆಕಾರ್ಡಿನಲ್ಲಿ ಇರುವುದು ಏಳು. ಅದನ್ನು ಮತ್ತೆ ಹೊರತರುತ್ತಿರುವವನೂ ಕೇಳಿಲ್ಲ ಎಂದಾಯಿತು.

ನೀನು ಬೇಕೆಂದೇ ಚೆನ್ನಾಗಿ ಮಾಡಿದ್ದೀಯ ಎಂದು ನನಗೆ ಅನುಮಾನ. ಇನ್ನೊಂದು ಸಲ ಪ್ರಯತ್ನ ಮಾಡು. ಈ ಸಲ ನಿಜವಾಗಿ ಕೆಟ್ಟದ್ದು ಕೊಡು, ಬೇಸರ ಬರುವಂಥದ್ದು.

ಇಂತಿ,
ಚಿಟ್ಟೆಗಳ ಒಡೆಯ

&nbsp;

ಏಪ್ರಿಲ್ 9

ಚಿಟ್ಟೆಗಳ ಒಡೆಯನಿಗೆ,

ಅತ್ತಿಗೆಗೆ ಒಳ್ಳೆಯ ಅಭಿರುಚಿ ಇದೆ ಎಂದು ನಾನು ನಿನ್ನ ಮದುವೆಯ ದಿನ ಅಂದುಕೊಂಡಿರಲಿಲ್ಲ. ಈಗ ಸಂತೋಷವಾಯಿತು.

ಬೇಸರ ಬರುವಂಥದ್ದು ಕೇಳಿದೆಯಲ್ಲ, ತೆಗೆದುಕೋ. ಪೆಟ್ಟಿಗೆ ಮಾಡುವ ಕಂದು ರಟ್ಟು. ಚಿತ್ರ ಇಲ್ಲ, ಗೆರೆ ಇಲ್ಲ, ಬಣ್ಣ ಇಲ್ಲ. ಸರ್ಕಾರಿ ಅರ್ಜಿಯಲ್ಲಿ ಬಳಸುವ ಅಕ್ಷರದಲ್ಲಿ ಮೂರೇ ಸಾಲು: "ಕೊಳಲು. ಏಳು ತುಣುಕು. ನಲವತ್ತೆರಡು ನಿಮಿಷ." ಮೇಜಿನ ಮೇಲಿಟ್ಟಿದ್ದೆ, ಅಕ್ಕ ಅದರ ಮೇಲೆ ಬಿಸಿ ಪಾತ್ರೆ ಇಟ್ಟು ಹೋದಳು. ಮಚ್ಚೆ ಬಿತ್ತು, ಬೇರೆ ಪ್ರತಿ ಮಾಡಬೇಕಾಯಿತು. ಇಷ್ಟು ಸೊಗಸಾಗಿ ಯಾರ ಕಣ್ಣಿಗೂ ಬೀಳದ ಕೆಲಸವನ್ನು ನಾನು ಈವರೆಗೆ ಮಾಡಿಲ್ಲ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಜನ ರೆಕಾರ್ಡು ಕೇಳಿಲ್ಲ ಎಂಬ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಆ ಬಕೆಟ್ಟಿನ ಮೇಲೆ ನಿನಗೆ ಇಷ್ಟು ಹಗೆ ಯಾಕೆ? ಅದೇನು ನಿನ್ನ ಆಸ್ತಿ ಬರೆಸಿಕೊಂಡಿತ್ತೇ?

ಇಂತಿ,
ಕಂದು ರಟ್ಟಿನವನು

&nbsp;

ಏಪ್ರಿಲ್ 20

ಕಂದು ರಟ್ಟಿನವನೇ,

ಮ್ಯಾನೇಜರು ನಿನ್ನ ರಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತ. ಕನ್ನಡಕ ತೆಗೆದು ಒರೆಸಿಕೊಂಡ. "ಎಂಥಾ ಮೌನ ಸಾರ್" ಅಂದ. ಇಂಥದ್ದಕ್ಕೆ ಪೆಟ್ಟಿಗೆಯ ರಟ್ಟು ಅವಮಾನವಂತೆ, ಕೈಯಲ್ಲಿ ಮಾಡಿದ ಕಾಗದ ತರಿಸುತ್ತಾನಂತೆ. ಗೋಡೆಗೆ ಹಾಕಲು ಅನುಕೂಲವಾಗುವಂತೆ ಹಿಂದೆ ಒಂದು ಕೊಂಡಿ ಇಡಿಸೋಣವೇ ಎಂದು ಕೇಳಿದ. ಕೊಂಡಿ ಬೇಡಪ್ಪಾ ಎಂದು ಕೈಮುಗಿದು ಬಂದೆ.

ಇನ್ನು ನಿನ್ನ ಪ್ರಶ್ನೆ. ಗೊತ್ತಿಲ್ಲದವನ ಹಾಗೆ ಕೇಳುತ್ತೀಯಲ್ಲ, ಅದಕ್ಕೇ ಹೇಳುತ್ತೇನೆ.

ಬಿಡುಗಡೆಯ ದಿನ ನನ್ನ ಸುತ್ತ ಯಾರೂ ಇರಲಿಲ್ಲ. ಇಡೀ ಸಭೆ ಕವರಿನ ಮುಂದೆ ನಿಂತಿತ್ತು. ಬಕೆಟ್ಟು ಹೊಳೆದದ್ದು ಹೇಗೆ ಎಂದು ಯಾರೋ ಕೇಳಿದರು. ನೀನು ಮೈಕಿನಲ್ಲಿ, "ಏನಿಲ್ಲಪ್ಪಾ, ಬಚ್ಚಲಲ್ಲಿ ಕಣ್ಣಿಗೆ ಬಿತ್ತು, ಬರೆದೆ" ಅಂದೆ. ಇನ್ನೂರು ಜನ ನಕ್ಕರು. ನಾನು ಆರು ವರ್ಷ ಕಷ್ಟಪಟ್ಟು ಕಟ್ಟಿದ ಸಂಗೀತಕ್ಕೆ ನೀನು ಬರೆದದ್ದು ಬಚ್ಚಲಲ್ಲಿ ಕಂಡ ಬಕೆಟ್ಟು. ಅದರಲ್ಲೂ ಖಾಲಿ ಬಕೆಟ್ಟು. ಒಂದು ತಂಬಿಗೆ ನೀರಾದರೂ ಬರೆಯಬಾರದಿತ್ತೇ? ಒಳಗೆ ಏನೂ ಇಲ್ಲ ಎಂದು ಕವರಿನ ಮೇಲೇ ಬರೆದುಕೊಟ್ಟ ಹಾಗಾಯಿತು. ಆಮೇಲೆ ನಾನು ಮೈಕ್ ಕಿತ್ತುಕೊಂಡು, "ಈ ಮಹಾಶಯ ನನ್ನ ಒಂದು ತುಣುಕೂ ಕೇಳಿಲ್ಲ, ಕೇಳಿದ್ದರೆ ಖಾಲಿ ಬಕೆಟ್ ಬರೀತಿದ್ನಾ?" ಎಂದು ಕೂಗಿದ್ದು ನಿನಗೂ ನೆನಪಿದೆ. ಇಲ್ಲ, ಕೇಳಿದ್ದೇನೆ ಎಂದು ನೀನು ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನೀನು ಕೋಟು ಹಾಕಿಕೊಂಡು ಹೊರಟುಹೋದೆ.

ಬೇರೆಯವರು ಕೇಳದಿದ್ದರೆ ಹಾಳಾಗಲಿ ಕಣೋ. ನೀನು ಕೇಳಲಿಲ್ಲವಲ್ಲ.

ಇಂತಿ,
ನಾನು

&nbsp;

ಮೇ 12

ಮೂರು ವಾರವಾಯಿತು. ನಿನ್ನಿಂದ ಸುದ್ದಿ ಇಲ್ಲ. ಕಾಗದ ತಲುಪಿತೇ? ಜೂನ್ ಹತ್ತು ಹತ್ತಿರ ಬಂತು. ಬಕೆಟ್ಟೋ, ಚಿಟ್ಟೆಯೋ, ರಟ್ಟೋ ತಿಳಿಸಿ ಎಂದು ಮ್ಯಾನೇಜರು ದಿನಾ ಫೋನ್ ಮಾಡುತ್ತಾನೆ. ಆರೋಗ್ಯ ಸರಿಯಿಲ್ಲದಿದ್ದರೆ ಅದನ್ನಾದರೂ ತಿಳಿಸು. ಸರಿಯಿದ್ದರೆ ಬೈದಾದರೂ ಬರೆ.

ನಾನು

&nbsp;

ಮೇ 18

ಗಾಳಿಗೆ ಅಕ್ಕನ ಆಶೀರ್ವಾದಗಳು.

ನಿನಗೆ ಈ ಹೆಸರಿಟ್ಟದ್ದೇ ನಾನು, ಸದಾ ಏನಾದರೊಂದು ಊದಿಕೊಂಡಿರುತ್ತಿದ್ದೆಯಲ್ಲ. ನನ್ನ ತಮ್ಮನಿಗೆ ಶಾಯಿ ಎಂದಿಟ್ಟೆ, ಅವನು ಹಾಸಿಗೆಯ ಮೇಲೆಲ್ಲ ಚೆಲ್ಲುತ್ತಿದ್ದ. ಇಬ್ಬರಿಗೂ ಅರವತ್ತು ದಾಟಿದೆ, ಇನ್ನೂ ಹೆಸರಿಗೆ ತಕ್ಕ ಹಾಗೇ ಇದ್ದೀರಿ.

ಶಾಯಿಗೆ ಏನೂ ಆಗಿಲ್ಲ. ನಿನ್ನ ಕಾಗದ ಓದಿದ ಮೇಲೆ ಬಾಯಿಗೆ ಬೀಗ ಹಾಕಿಕೊಂಡಿದ್ದಾನೆ. ಕಾಗದವನ್ನು ಮೇಜಿನ ಮೇಲೇ ಬಿಟ್ಟಿದ್ದ, ನಾನು ಓದಿದೆ. ಓದಬಾರದಿತ್ತು ಅನ್ನಬೇಡ, ಎಪ್ಪತ್ತೊಂದು ವರ್ಷ ಆದವರಿಗೆ ಅದೆಲ್ಲ ಲಾಗೂ ಆಗುವುದಿಲ್ಲ.

ಅವನು ಕೇಳಿಲ್ಲ ಅಂದೆಯಲ್ಲ, ಅದಕ್ಕೆ ನನಗೆ ಸಿಟ್ಟು ಬಂದಿದೆ. ಅವನ ಕೆಲಸದ ರೀತಿ ನಿನಗೆ ಗೊತ್ತಿಲ್ಲವೇ? ಯಾವ ರೆಕಾರ್ಡಿಗೆ ಚಿತ್ರ ಬರೆಯಬೇಕೋ ಅದು ಸಾಕುಸಾಕಾಗುವವರೆಗೆ ಕೇಳದೆ ಪೆನ್ಸಿಲ್ ಮುಟ್ಟುವವನಲ್ಲ. ನೀನು ತಂದುಕೊಟ್ಟ ಟೇಪನ್ನು ನಲವತ್ತೊಂದು ಸಲ ಹಾಕಿದ. ಜಗಳಕ್ಕೆ ಆಧಾರ ಇರಲಿ ಎಂದು ನಾನು ಕ್ಯಾಲೆಂಡರಿನಲ್ಲಿ ಗೀಟು ಎಳೆದಿಟ್ಟಿದ್ದೆ. ನನಗೆ ಸಂಗೀತ ಬೇಡ, ನಿನ್ನದಂತೂ ಬೇಡವೇ ಬೇಡ ಅನ್ನುವ ಹಾಗಾಗಿತ್ತು. ಬೇಜಾರು ಮಾಡಿಕೊಳ್ಳಬೇಡ.

ಆ ದಿನಗಳಲ್ಲಿ ನನಗೆ ಮನೆಯಲ್ಲಿ ಎಲ್ಲೋ ನೀರು ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಟಪ್ ಅನ್ನುವುದು, ಸುಮ್ಮನಾಗುವುದು, ಮತ್ತೆ ಟಪ್. ಎದ್ದು ಹೋಗಿ ಬಚ್ಚಲಿನ ನಲ್ಲಿ ತಿರುಗಿಸಿ ಬರುತ್ತಿದ್ದೆ. ಹೊಸ ವಾಷರ್ ಹಾಕಿಸಿದೆ. ಆದರೂ ಟಪ್. ನೀರು ಹಾಳಾಗದಿರಲಿ ಎಂದು ಅಂಗಡಿಗೆ ಹೋಗಿ ಕೆಂಪು ಬಕೆಟ್ಟು ತಂದು ನಲ್ಲಿಯ ಕೆಳಗಿಟ್ಟೆ. ಎರಡು ವಾರ ಬಿಟ್ಟು ನೋಡಿದರೆ ಬಕೆಟ್ಟಿನ ತಳ ಒಣಗಿದೆ, ಅಂಗಡಿಯ ಚೀಟಿ ಕೂಡ ಒದ್ದೆಯಾಗಿಲ್ಲ! ನನಗೆ ಗಾಬರಿಯಾಯಿತು. ಬಕೆಟ್ಟು ತಂದು ಅವನ ಮುಂದೆ ಕುಕ್ಕಿ, "ತೊಟ್ಟಿಕ್ಕೋದು ಕೇಳಿಸುತ್ತೆ, ಬಕೆಟ್ ನೋಡಿದ್ರೆ ಒಣಗಿದೆ. ನನಗೇನು ಹುಚ್ಚು ಹಿಡೀತಿದೆಯೇನೋ?" ಎಂದು ಅತ್ತೇಬಿಟ್ಟೆ.

ಅವನು ಟೇಪ್ ನಿಲ್ಲಿಸಿದ. ತೊಟ್ಟಿಕ್ಕುವುದೂ ನಿಂತಿತು. ಮತ್ತೆ ಹಾಕಿದ. ಟಪ್. ನಿನ್ನ ಮೂರನೆಯ ತುಣುಕಿನೊಳಗೆ ಇತ್ತು ಕಣೋ ಅದು! ಮೊದಲು ಬಿದ್ದು ಬಿದ್ದು ನಕ್ಕ. ಆಮೇಲೆ ನಗು ನಿಲ್ಲಿಸಿ ಅದೊಂದನ್ನೇ ಹಾಕಿ ಹಾಕಿ ಕೇಳಿದ. "ಅಕ್ಕಾ, ಗಾಳಿ ಈ ಹನಿಗೆ ಕಾಯ್ತಾನೆ. ಹನಿ ಬಿದ್ದ ಮೇಲೇ ಉಸಿರು ತಗೋತಾನೆ. ಹೀಗೆ ಮಾಡ್ತಿದ್ದೀನಿ ಅಂತ ಅವನಿಗೇ ಗೊತ್ತಿಲ್ಲ" ಅಂದ. ಅವನ ಕಣ್ಣಲ್ಲಿ ನೀರಿತ್ತು. ಮರುದಿನ ಕೂತಲ್ಲಿಂದ ಏಳದೆ, ರಬ್ಬರ್ ಮುಟ್ಟದೆ, ಆ ಚಿತ್ರ ಬರೆದ. ಬಕೆಟ್ಟು ಖಾಲಿ ಇದ್ದದ್ದು ನಿನ್ನನ್ನು ಆಡಿಕೊಳ್ಳಲು ಅಲ್ಲ. ನೀರೆಲ್ಲ ನಿನ್ನ ರೆಕಾರ್ಡಿನಲ್ಲಿ ಇತ್ತು, ಅದಕ್ಕೆ.

ಇದನ್ನೆಲ್ಲ ಸಭೆಯಲ್ಲಿ ಹೇಳದೆ ಯಾಕೆ ಎದ್ದು ಬಂದ ಎಂದು ನಾನೂ ಕೇಳಿದ್ದೆ. ಇವತ್ತಿಗೂ ಹೇಳಿಲ್ಲ. ನೀನೇ ಕೇಳು.

ಇದನ್ನು ಅಂಚೆಗೆ ಹಾಕಲು ಅವನನ್ನೇ ಕಳಿಸುತ್ತಿದ್ದೇನೆ, ಕರೆಂಟಿನವರಿಗೆ ದೂರು ಎಂದು ಹೇಳಿದ್ದೇನೆ. ಅವನ ಕನ್ನಡಕ ಮುಚ್ಚಿಟ್ಟಿದ್ದೇನೆ.

ಇಂತಿ,
ಅಕ್ಕ

&nbsp;

ಮೇ 27

ಶಾಯಿ,

ನೀನು ಅಂಚೆಗೆ ಹಾಕಿದ ಕರೆಂಟಿನ ದೂರು ನನಗೆ ತಲುಪಿತು. ಅಕ್ಕನ ಮೇಲೆ ರೇಗಬೇಡ.

ರೆಕಾರ್ಡಿಂಗ್ ಕೋಣೆಯ ಹಿಂದೆ ಕೈತೊಳೆಯುವ ತೊಟ್ಟಿ ಇತ್ತು, ಅದರ ನಲ್ಲಿ ಸೋರುತ್ತಿತ್ತು. ಟವೆಲ್ ತುರುಕಿದ್ದೆವು. ಯಾರಿಗೂ ಕೇಳಿಸುವುದಿಲ್ಲ ಎಂದು ಎಂಜಿನಿಯರು ಹೇಳಿದ್ದ, ನಾನೂ ಮರೆತುಬಿಟ್ಟಿದ್ದೆ. ಅಕ್ಕನ ಕಾಗದ ಓದಿ, ಹೊಸ ಆವೃತ್ತಿಗೆಂದು ಕಂಪನಿಯವರು ಕೊಟ್ಟಿದ್ದ ಪ್ರತಿ ಹಾಕಿದೆ. ಮೂರನೆಯದರಲ್ಲಿ ಹನಿ ಇಲ್ಲ! ನಾನು ಸುಮ್ಮಸುಮ್ಮನೆ ನಿಲ್ಲುತ್ತೇನೆ, ಸುಮ್ಮಸುಮ್ಮನೆ ಉಸಿರೆಳೆದುಕೊಳ್ಳುತ್ತೇನೆ. ದಮ್ಮಿನ ರೋಗಿ ಊದಿದ ಹಾಗಿದೆ.

ಹಳೆಯ ರೆಕಾರ್ಡು ಹಾಕೋಣವೆಂದು ಬೀರುವಿನಿಂದ ತೆಗೆದೆ. ಈಗ ಹೇಳುವುದನ್ನು ಓದಿ ನಗಬೇಡ. ನನ್ನ ಪ್ರತಿಯ ಪಟ್ಟಿಯೂ ಹರಿದಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ನಾನು ಊರಿನವರನ್ನೆಲ್ಲ ಬೈದುಕೊಂಡು ತಿರುಗಿದೆನಲ್ಲ, ನನ್ನದನ್ನೇ ನಾನು ತೆರೆದಿರಲಿಲ್ಲ. ಅದಕ್ಕೆ ಕಾರಣ ನಿನ್ನ ಮೇಲಿನ ಸಿಟ್ಟು ಎಂದು ಅಂದುಕೊಂಡಿದ್ದೆ. ಹರಿಯಲು ಕೈಹಾಕಿದರೆ ನನ್ನ ಹೆಂಡತಿ ಓಡಿಬಂದು, "ಹರೀಬೇಡ್ರೀ, ಎಷ್ಟು ಚೆನ್ನಾಗಿದೆ!" ಎಂದು ಕೈ ಹಿಡಿದಳು. ನಿಜ ಹೇಳಲೇ? ನನಗೂ ಅದೇ ಅನ್ನಿಸಿತ್ತು. ಕಣ್ಣುಮುಚ್ಚಿಕೊಂಡು ಹರಿದೆ.

ಟಪ್.

ಅಲ್ಲಿಂದ ನೇರ ಕಂಪನಿಗೆ ಹೋದೆ. ಅಲ್ಲೊಬ್ಬಳು ಸೌಂಡ್ ಎಂಜಿನಿಯರ್ ಇದ್ದಾಳೆ, ಹನಿಗಳನ್ನು ತೆಗೆದದ್ದು ಅವಳೇ. "ಮೂರು ವಾರ ಕೂತು ಒಂದೊಂದೇ ತೆಗ್ದಿದೀನಿ ಸಾರ್. ಅರವತ್ತೆರಡು ಹನಿ!" ಎಂದು ಹೆಮ್ಮೆಯಿಂದ ಹೇಳಿದಳು. ಮೂರು ವಾರ ಕೇಳಿದ್ದಾಳೆ ಎಂದು ನನಗೆ ಜೀವ ಬಂತು. ಹೇಗಿತ್ತಮ್ಮಾ ಎಂದು ಕೇಳಿದೆ. "ಗೊತ್ತಿಲ್ಲ ಸಾರ್, ಕೊಳಲು ಪೂರ್ತಿ ಕಮ್ಮಿ ಮಾಡ್ಕೊಂಡು ಹನಿ ಮಾತ್ರ ಕೇಳಿದೀನಿ" ಅಂದಳು. ಎಲ್ಲವನ್ನೂ ವಾಪಸ್ ಹಾಕು ಅಂದೆ. ಅವಳು ನನ್ನನ್ನು ನೋಡಿದ ನೋಟವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಆದರೂ ಹಾಕುತ್ತಿದ್ದಾಳೆ.

ತಪ್ಪಾಯಿತು ಕಣೋ. ಇನ್ನೂರು ಜನರ ಮುಂದೆ ಅಂದದ್ದು ತಪ್ಪಾಯಿತು.

ನಲವತ್ತೊಂದು ಸಲ ಕೇಳಿದ್ದೀಯಲ್ಲ, ಹಾಗಾದರೆ ಹೇಳು, ಹೇಗಿತ್ತು? ಸಿಕ್ಕವರೆಲ್ಲ "ತುಂಬಾ ಚೆನ್ನಾಗಿದೆ" ಅನ್ನುತ್ತಾರೆ. ಕವರ್ ನೋಡಿದರೂ ಅಷ್ಟು ಹೇಳಬಹುದು. ನೀನು ಯಾಕೆ ಆ ದಿನ ಬಾಯಿ ಬಿಡಲಿಲ್ಲ?

ಇಂತಿ,
ಗಾಳಿ

&nbsp;

ಜೂನ್ 3

ಗಾಳಿ,

ಅಕ್ಕನ ಜೊತೆ ನಾನು ಮಾತು ಬಿಟ್ಟಿದ್ದೇನೆ. ಅವಳು ಅದನ್ನು ಇನ್ನೂ ಗಮನಿಸಿಲ್ಲ.

ಕೇಳಿದೆಯಲ್ಲ, ಹೇಳುತ್ತೇನೆ. ಮೊದಲನೆಯದು ಚೆನ್ನಾಗಿದೆ. ಎರಡನೆಯದರಲ್ಲಿ ಬೆರಳಿನ ವೇಗ ತೋರಿಸಲು ಹೋಗಿದ್ದೀಯ, ಯಾರೋ ಹುಡುಗಿ ಕೇಳಲಿ ಎಂದು ಊದಿದ ಹಾಗಿದೆ. ಆ ಹುಡುಗಿ ಯಾರೆಂದು ನನಗೆ ಗೊತ್ತು, ಈಗ ನಿನ್ನ ಮನೆಯ ಗಡಿಯಾರ ತೆಗೆದವಳು. ಮೂರನೆಯದರ ಬಗ್ಗೆ ನಾನು ಮಾತನಾಡುವುದಿಲ್ಲ, ನನಗೆ ಬರುವುದನ್ನೆಲ್ಲ ಬರೆದುಕೊಟ್ಟಿದ್ದೇನೆ. ನಾಲ್ಕನೆಯದು ಇನ್ನೊಂದು ನಿಮಿಷ ಇರಬೇಕಿತ್ತು. ಆರು ಮತ್ತು ಏಳು ಒಂದೇ, ಯಾಕೆ ಎರಡು ಮಾಡಿದೆಯೋ ಗೊತ್ತಿಲ್ಲ.

ಐದನೆಯದು ಕೆಟ್ಟದಾಗಿದೆ. ನೀನು ನನ್ನಿಂದ ಎರಡು ತಿಂಗಳು ಕೇಳಿದೆಯಲ್ಲ ಕೆಟ್ಟದ್ದು, ಅದು ನಿನಗೆ ಸಲೀಸಾಗಿ ಬಂದಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಎಲ್ಲಿಗೆ ಹೊರಟಿದ್ದೆ ಎಂಬುದು ನಿನಗೇ ಮರೆತುಹೋಗಿದೆ. ಗೊತ್ತಾಗಬಾರದೆಂದು ಜೋರಾಗಿ ಊದಿ ಮುಚ್ಚಿಹಾಕಿದ್ದೀಯ. ನಲವತ್ತೊಂದು ಸಲವೂ ಅದು ಬರುವಾಗ ಎದ್ದು ಹೋಗಿ ನೀರು ಕುಡಿಯಬೇಕು ಅನ್ನಿಸುತ್ತಿತ್ತು. ಆದರೂ ಕೂತು ಕೇಳಿದೆ.

ಆ ದಿನ ನಾನು ಬಾಯಿ ಬಿಡದಿದ್ದದ್ದು ಇದಕ್ಕೇ. ಕೇಳಿದ್ದೇನೆ ಎಂದರೆ ನೀನು ನಂಬುತ್ತಿರಲಿಲ್ಲ. ನಂಬಿಸಬೇಕಾದರೆ ಐದನೆಯದರ ಮಾತು ತೆಗೆಯಬೇಕಿತ್ತು. ಕೋಪ ಬಂದರೆ ನನ್ನ ನಾಲಗೆ ನನ್ನ ಕೈಲಿ ಇರುವುದಿಲ್ಲ, ನಿನಗೆ ಗೊತ್ತು. ಅವತ್ತು ನಿನ್ನ ದಿನ, ಹೊಸ ಅಂಗಿ ಹಾಕಿಕೊಂಡಿದ್ದೆ, ಮುಂದಿನ ಸಾಲಿನಲ್ಲಿ ನಿನ್ನ ಅಮ್ಮ ಕೂತಿದ್ದರು. ಅವರ ಎದುರಿಗೆ ಹೇಳಲಾರದೆ ಕೋಟು ತೆಗೆದುಕೊಂಡೆ. ಮನೆಗೆ ಬಂದ ಮೇಲೆ ಬರೆಯೋಣ ಎಂದುಕೊಂಡೆ. ಆಮೇಲೆ ಅವನೇ ಬರೆಯಲಿ ಎಂದುಕೊಂಡೆ. ಹೀಗೇ ತಲೆ ನರೆಯಿತು.

ನನ್ನ ತಪ್ಪೂ ಇದೆ. ಹನಿಯ ಕಥೆ ಸಭೆಯಲ್ಲಿ ಹೇಳಬೇಕಿತ್ತು, ಹೇಳುತ್ತ ಅತ್ತುಬಿಟ್ಟರೆ ಎಂದು ಹೆದರಿ ನಗಿಸಲು ಹೋದೆ. ಇನ್ನೊಂದು ತಪ್ಪು ಆ ಪಟ್ಟಿ. ರೆಕಾರ್ಡು ತೆಗೆಯಬೇಕಾದರೆ ಚಿತ್ರ ಹರಿಯಬೇಕು ಎಂಬಂತೆ ಮಾಡಿದ್ದು ನನ್ನ ಜಂಬ. ಈ ಸಲ ಯಾವ ಕವರಾದರೂ ಹಾಕಿಸು, ಬಾಯಿ ಮಾತ್ರ ತೆರೆದಿರಲಿ. ಒಂಬತ್ತನೆಯ ಕಲಮಿಗೆ ರುಜು ಹಾಕಿದ ಕಾಗದ ಜೊತೆಗಿದೆ. ಚಿಟ್ಟೆಯದನ್ನು ಹಾಕಿಸಿದರೆ ದಯವಿಟ್ಟು ನನ್ನ ಹೆಸರು ಬೇಡ.

ಇಂತಿ,
ಶಾಯಿ

&nbsp;

ಜೂನ್ 9

ಶಾಯಿ,

ಐದನೆಯದು ಕೆಟ್ಟದಾಗಿದೆ ಎಂಬ ಸಾಲು ಓದಿ ಎದ್ದು ನಿಂತೆ. ಇನ್ನೊಮ್ಮೆ ಓದಿ ಮೇಜು ಗುದ್ದಿದೆ. ಅಡುಗೆಮನೆಯಿಂದ ಹೆಂಡತಿ ಬಂದಳು. "ಏನಂತೆ?" ಅಂದಳು.

"ಐದನೇದು ಕೆಟ್ಟದಾಗಿದೆಯಂತೆ ಕಣೇ!"

"ಅದಕ್ಕೆ ಯಾರಾದ್ರೂ ಹೀಗೆ ಕುಣೀತಾರಾ?"

ಕುಣಿಯದೆ ಏನು ಮಾಡಲಿ? ಅದು ಕೆಟ್ಟದಾಗಿದೆ ಎಂದು ನುಡಿಸಿದ ದಿನವೇ ನನಗೆ ಗೊತ್ತಿತ್ತು. ಯಾರಾದರೂ ಹೇಳುತ್ತಾರೆ, ಇವತ್ತು ಹೇಳುತ್ತಾರೆ, ನಾಳೆ ಹೇಳುತ್ತಾರೆ ಎಂದು ಹೆದರಿಕೊಂಡು ಕಾದೆ. ವರ್ಷ ಕಳೆದ ಮೇಲೆ ಹೆದರಿಕೆ ಹೋಗಿ ಆಸೆಯಾಯಿತು. ಒಬ್ಬರೂ ಹೇಳಲಿಲ್ಲ. ಹೇಳಬಲ್ಲವನೊಬ್ಬನಿದ್ದ, ನಮ್ಮಮ್ಮ ಕೂತಿದ್ದಾಳೆ ಎಂದು ಕೋಟು ಹಾಕಿಕೊಂಡು ಹೊರಟುಹೋಗಿದ್ದ. ನಾನು ಅತ್ತೆ ಕಣೋ, ಬರೆಯಲು ನಾಚಿಕೆಯಿಲ್ಲ. ಹೆಂಡತಿ ಸೆರಗಿನಲ್ಲಿ ಒರೆಸಿ, ಎರಡನೆಯದರ ಬಗ್ಗೆ ನೀನು ಬರೆದ ಸಾಲನ್ನು ತೋರಿಸಿ, "ಇದು ನಿಜವಾ?" ಅಂದಳು. ನಿಜ ಅಂದೆ. ಅವತ್ತು ಊಟ ಬಲು ಚೆನ್ನಾಗಿತ್ತು.

ನಿನ್ನ ರುಜುವಿನ ಕಾಗದ ಒಯ್ದು ಕಂಪನಿಗೆ ಕೊಟ್ಟು ಬಂದೆ. ಬಕೆಟ್ಟೇ ಇರಲಿ, ಪಟ್ಟಿ ಬೇಡ ಅಂದೆ. ಮೂರನೆಯದರಲ್ಲಿ ಅರವತ್ತೆರಡು ಹನಿಗಳೂ ವಾಪಸ್ ಬಂದಿವೆ, ನಾನೇ ಎಣಿಸಿದೆ. ಐದನೆಯದರ ಬಗ್ಗೆ ನಿನ್ನ ಅಭಿಪ್ರಾಯ ಹೇಳಿದಾಗ ಮ್ಯಾನೇಜರು ಎಂದಿನಂತೆ ತಲೆದೂಗಿ, "ಹಾಗಾದ್ರೆ ತೆಗೆದುಬಿಡೋಣ ಸಾರ್" ಅಂದ. ಬೇಡ, ಅದು ಹಾಗೇ ಇರಲಿ ಅಂದೆ. ಐನೂರು ಜನ ಕೊಳ್ಳುತ್ತಾರೆ. ಅವರಲ್ಲಿ ಯಾರಾದರೂ ಬಂದು ಐದನೆಯದು ಕೆಟ್ಟದಾಗಿದೆ ಎಂದರೆ, ಅವರು ಕೇಳಿದ್ದಾರೆ ಎಂದು ನನಗೆ ಗೊತ್ತಾಗುತ್ತದೆ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಿಮ್ಮ ಮನೆಗೆ ಬರುತ್ತಿದ್ದೇನೆ. ಹೆಂಡತಿಯೂ ಬರುತ್ತಾಳೆ. ಅಕ್ಕನಿಗೆ ಹೇಳು, ಅವಳು ಬೇಕಾದರೆ ಆ ಹೊತ್ತಿಗೆ ಪಕ್ಕದ ಮನೆಗೆ ಹೋಗಬಹುದು. ಐದನೆಯದನ್ನು ನಾನು ಈಗ ಬೇರೆ ರೀತಿ ನುಡಿಸುತ್ತೇನೆ. ಹದಿನೈದು ವರ್ಷದಿಂದ ಬಾಗಿಲು ಹಾಕಿಕೊಂಡು ಒಬ್ಬನೇ ತಿದ್ದುತ್ತಿದ್ದೇನೆ, ಹೆಂಡತಿಗೂ ಕೇಳಿಸಿಲ್ಲ. ನೀನು ಎದುರಿಗೆ ಕೂತು ಕೇಳಬೇಕು. ಪೆನ್ಸಿಲ್ ಮುಟ್ಟಕೂಡದು, ನೀರು ಕುಡಿಯಲು ಏಳಕೂಡದು. ಚೆನ್ನಾಗಿಲ್ಲದಿದ್ದರೆ ಅಲ್ಲೇ, ಆಗಲೇ ಹೇಳಿಬಿಡು. ಇನ್ನೊಂದು ಇಪ್ಪತ್ತೊಂಬತ್ತು ವರ್ಷ ಕಾಯಲು ನಮ್ಮಿಬ್ಬರಿಗೂ ಪುರುಸೊತ್ತಿಲ್ಲ.

ನಿನ್ನ,
ಗಾಳಿ